ಎದುರು ಮಾತಿಗೊಬ್ಬರು

ನನಗೆ ಸುಲಭಕ್ಕೆ ಗಾಬರಿಯಾಗುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡೇ ಅಂಥದ್ದು. ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ರಗ್ಬಿ ಆಡಿ ಭುಜ ಕಳಚಿಕೊಂಡವರು, ಏಣಿಯಿಂದ ಬಿದ್ದವರು, ಆಟಿಕೆ ಕಾರಿನ ಚಕ್ರ ನುಂಗಿದ ಮಕ್ಕಳು, ಎಲ್ಲರೂ ನನ್ನ ಮುಂದೆಯೇ ಹಾದುಹೋಗಬೇಕು. "ಉಸಿರು ಹಿಡ್ಕೊಳ್ಳಿ, ಬಿಡಿ" ಎಂದು ಹೇಳಿ ಹೇಳಿ ನನ್ನ ಮುಖ ಕಲ್ಲಾಗಿದೆ ಎಂದು ನನ್ನ ಹೆಂಡತಿ ವತ್ಸಲಾಳ ದೂರು. ಅಂಥ ನಾನು ಹೋದ ತಿಂಗಳು ಒಂದು ಶನಿವಾರ, ಹೆಂಡರ್ಸನ್ ಬಡಾವಣೆಯ ಸಮುದಾಯ ಭವನದಲ್ಲಿ, ಮೂಳೆ ಮುರಿದವರು ಒಬ್ಬರೂ ಇಲ್ಲದ ಕಡೆ, ತೆರೆದ ಬಾಯಿ ಮುಚ್ಚದೆ ಕೂತುಬಿಟ್ಟೆ. ಆ ಬಾಯಿ ಇನ್ನೂ ಪೂರ್ತಿ ಮುಚ್ಚಿಲ್ಲ.

ಇದಕ್ಕೆಲ್ಲ ಕಾರಣ ಪಾವೊಲಾ. ಚಿಲಿ ದೇಶದವಳು, ನಮ್ಮ ಆಸ್ಪತ್ರೆಯಲ್ಲೇ ಫಿಸಿಯೋಥೆರಪಿಸ್ಟ್, ಜೊತೆಗೆ ನಾಟಕದ ಹುಚ್ಚು. ಚಿಲಿ, ಪೆರು, ಕೊಲಂಬಿಯಾ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ತಮ್ಮನ್ನು ಒಟ್ಟಾಗಿ ಲ್ಯಾಟಿನೋ ಎಂದು ಕರೆದುಕೊಳ್ಳುತ್ತಾರೆ. ಅವರ ಮಕ್ಕಳು ಬರೆದ ಹೊಸ ನಾಟಕಗಳ ಉತ್ಸವವೊಂದನ್ನು ಅವಳು ಏರ್ಪಡಿಸಿದ್ದಳು. ನಾಟಕಗಳು ಇಂಗ್ಲಿಷಿನಲ್ಲಿ, ಜಗಳಗಳು ಮಾತ್ರ ಸ್ಪ್ಯಾನಿಷ್‌ನಲ್ಲಿ. ನಾನು ಮೈಸೂರಿನಲ್ಲಿದ್ದಾಗ ಹವ್ಯಾಸಿ ತಂಡದಲ್ಲಿ ಪಾರ್ಟು ಮಾಡುತ್ತಿದ್ದ ವಿಷಯವನ್ನು ಕ್ಯಾಂಟೀನಿನಲ್ಲಿ ಅವಳ ಕಿವಿಗೆ ಹಾಕಿದ್ದೆ. ಒಂದು ಸಲ ಹಾಕಿದ್ದರೆ ಸಾಕಿತ್ತು. ಅವಳು ಸೂಪು ಕುಡಿಯುವಾಗಲೆಲ್ಲ ಹಾಕಿದ್ದೆ.

ಒಂದು ದಿನ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಬಂದು ನಿಂತಳು. ಅವಳ ಇಂಗ್ಲಿಷನ್ನು ನಮ್ಮ ಮಾತಿಗೆ ತಂದರೆ, "ಸುರೇಶ್, ಇನ್ನೆರಡು ವಾರ ಬಿಟ್ಟು ಶನಿವಾರ ಬಿಡುವಿದ್ಯಾ? ನಮ್ಮ ನಾಟಕದಲ್ಲಿ ಒಬ್ಬ ಮನೆ ಮಾಲೀಕ ಇದಾನೆ, ಅವನ ಮಾತು ಓದೋಕೆ ಬರ್ತೀರಾ?" ಎಂದಳು. ಆಮೇಲೂ ಬಹಳ ಹೊತ್ತು ಏನೋ ವಿವರಿಸಿದಳು. ಏನೆಂದು ನನಗೆ ನೆನಪಿಲ್ಲ. ನನ್ನ ಕಿವಿ 'ಓದೋಕೆ' ಎಂಬಲ್ಲಿಗೇ ಕೆಲಸ ನಿಲ್ಲಿಸಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಹವ್ಯಾಸಿ ತಂಡದಲ್ಲಿ ಪಾತ್ರ ಹಂಚುವುದಕ್ಕೆ ಮೊದಲು ವಾಚನ ಎಂದೊಂದು ಇರುತ್ತದೆ. ಜಮಖಾನದ ಮೇಲೆ ಎಲ್ಲರೂ ಸುತ್ತ ಕೂರುತ್ತಾರೆ. ನಿರ್ದೇಶಕರು ಪ್ರತಿಯನ್ನು ಒಬ್ಬನ ಕೈಗೆ ಕೊಟ್ಟು "ಈ ಮಾತು ಓದಪ್ಪಾ" ಅನ್ನುತ್ತಾರೆ. ಓದಿದವನಿಗೆ ಪಾತ್ರ ಖಾಯಂ. ಬಂದವರಲ್ಲಿ ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ; ಪಾತ್ರ ಸಾಲದಿದ್ದರೆ ದ್ವಾರಪಾಲಕರನ್ನು ಹೆಚ್ಚಿಸುತ್ತಾರೆ. ಆಕ್ಲೆಂಡಿಗೆ ಬರುವಾಗ ಉಪ್ಪಿನಕಾಯಿಯನ್ನು ಏರ್‌ಪೋರ್ಟಿನಲ್ಲಿ ಕಿತ್ತುಕೊಂಡರು, ಈ ಪದ್ಧತಿಯನ್ನು ಮಾತ್ರ ಬಿಟ್ಟರು. ನಮ್ಮ ಕನ್ನಡ ಕೂಟದ ಹಿಂದಿನ ರಾಜ್ಯೋತ್ಸವದ ನಾಟಕದಲ್ಲಿ ಪ್ರಜೆಗಳಿಗಿಂತ ಮಂತ್ರಿಗಳೇ ಹೆಚ್ಚಾಗಿ, ಕುರ್ಚಿ ಸಾಲದೆ ರಾಜನೇ ನಿಂತುಕೊಂಡು ಮಾತಾಡಬೇಕಾಯಿತು.

ಹೀಗಾಗಿ ನನಗೆ ಪಾತ್ರ ಸಿಕ್ಕಿತು ಎಂದೇ ತಿಳಿದೆ. ರೂಪವೂ ಒಪ್ಪುತ್ತಿತ್ತಲ್ಲ! ಹಣ್ಣಿನಂಗಡಿಯಲ್ಲಿ ಅಪರಿಚಿತರು ನನ್ನನ್ನು ತಮ್ಮವನೆಂದುಕೊಂಡು ಸ್ಪ್ಯಾನಿಷ್‌ನಲ್ಲಿ ಮಾತಾಡಿಸಿದ್ದುಂಟು. ಮನೆ ಮಾಲೀಕನ ಗತ್ತಿಗೆಂದು ಮೀಸೆ ಬಿಟ್ಟೆ. ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿರುವ ನಮ್ಮ ಕೂಟದ ಅಧ್ಯಕ್ಷ ಮಂಜಣ್ಣನಿಗೆ ಫೋನು ಮಾಡಿದೆ. "ಏನ್ ಹೇಳ್ತಿದೀಯೋ! ನಮ್ಮವನೊಬ್ಬ ಲ್ಯಾಟಿನೋ ನಾಟಕದಲ್ಲಾ? ನೋಡಪ್ಪಾ, ನಾವೆಲ್ಲ ಬರ್ತೀವಿ, ರಾಜ್ಯೋತ್ಸವದಲ್ಲಿ ನಿನಗೆ ಸನ್ಮಾನ ಗ್ಯಾರಂಟಿ" ಎಂದ. ಮಾತಿಗೆ ತಪ್ಪುವವನಲ್ಲ. ಮರುದಿನವೇ ಶಾಲಿನ ಫೋಟೋ ಕೂಟದ ವಾಟ್ಸಾಪ್ ಗುಂಪಿಗೆ ಬಂತು, ಜರಿ ಅಂಚಿನದು. ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಕಾಲೇಜಿನಲ್ಲಿರುವ ನನ್ನ ಮಗಳು ಅದಿತಿ ಮಾತ್ರ, "ಅಪ್ಪಾ, ಡಿಡ್ ಶೀ ಆ್ಯಕ್ಚುಲಿ ಸೇ ಯು ಗಾಟ್ ದ ಪಾರ್ಟ್?" ಎಂದು ಕೇಳಿದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ವಾಚನದ ಮರ್ಮ ಏನು ಗೊತ್ತು ಎಂದು ನಕ್ಕೆ.

ಶನಿವಾರ ಭವನಕ್ಕೆ ಹೋದರೆ ಜಮಖಾನ ಇಲ್ಲ. ಒಂದು ಮೇಜು, ಅದರ ಹಿಂದೆ ಪಾವೊಲಾ, ಬದಿಗೊಂದು ಕುರ್ಚಿ, ಅದು ನನಗೆ. ಹೊರಗೆ ಜನ ಕಾಯುತ್ತಿದ್ದರು. ಒಬ್ಬೊಬ್ಬರೇ ಒಳಗೆ ಬಂದು ತಮ್ಮ ಮಾತು ಹೇಳಬೇಕು, ಎದುರು ಪಾತ್ರದ ಮಾತನ್ನು ನಾನು ಓದಬೇಕು. ಮೊದಲನೆಯವನು ಹೇಳಿ ಮುಗಿಸಿದ. "ಥ್ಯಾಂಕ್ಯೂ, ಚೆನ್ನಾಗಿತ್ತು" ಎಂದಳು ಪಾವೊಲಾ. ಅವನು ಹೋದ. ಎರಡನೆಯವಳಿಗೂ ಥ್ಯಾಂಕ್ಯೂ, ಅವಳೂ ಹೋದಳು. ಒಬ್ಬರಿಗೂ ಕಾಫಿ ಇಲ್ಲ, ಊರು ಯಾವುದು ಎಂಬ ವಿಚಾರಣೆ ಇಲ್ಲ! ಅಷ್ಟರಲ್ಲಿ ಮನೆ ಮಾಲೀಕನ ಪಾತ್ರ ಕೇಳಿಕೊಂಡು ಒಳಗೆ ಬಂದವನು ಯಾರು ಅಂದುಕೊಂಡಿರಿ? ಪಾವೊಲಾಳ ಸ್ವಂತ ಗಂಡ, ಎರ್ನಾನ್. ಸರಿ, ನನ್ನ ಕಥೆ ಮುಗಿಯಿತು, ಮನೆಯವರಿಗೆ ಬಿಟ್ಟು ಹೊರಗಿನವರಿಗೆ ಯಾರು ಕೊಡುತ್ತಾರೆ ಎಂದುಕೊಂಡೆ. ಅವನು ಹೇಳಿ ಮುಗಿಸಿದ. ಪಾವೊಲಾ ಅದೇ ದನಿಯಲ್ಲಿ, "ಥ್ಯಾಂಕ್ಯೂ" ಎಂದಳು.

ಗಂಡನಿಗೆ! ನಮ್ಮ ಕೂಟದಲ್ಲಿ ಖಜಾಂಚಿಯ ಭಾವಮೈದನಿಗೆ ಒಂದು ಸಲ ಹೀಗೆ ಹೇಳಿದ್ದಕ್ಕೆ ಕೂಟವೇ ಎರಡಾಗಿ, ಇವತ್ತಿಗೂ ಆಕ್ಲೆಂಡಿನಲ್ಲಿ ನಮಗೆ ಎರಡು ದೀಪಾವಳಿ. ಈ ಎರ್ನಾನ್ ಮಹಾಶಯ ಹೆಂಡತಿಯ ಕೆನ್ನೆಗೊಂದು ಮುತ್ತು ಕೊಟ್ಟು, ಎಲ್ಲರಿಗೂ ಚಹಾಕ್ಕೆ ನೀರಿಡಲು ಅಡುಗೆ ಕೋಣೆಗೆ ಹೋದ. ನಾನು ತೆರೆದ ಬಾಯಲ್ಲಿ ಅವನ ಬೆನ್ನನ್ನೇ ನೋಡುತ್ತಾ, ಪ್ರತಿಯಲ್ಲಿ ನನ್ನ ಮಾತು ಎಲ್ಲಿದೆಯೆಂಬುದನ್ನೇ ಮರೆತೆ.

ಆದರೆ ಗಂಡನನ್ನು ಕಳಿಸಿದ ಮೇಲೆ ಪಾತ್ರ ನನಗಲ್ಲದೆ ಇನ್ನಾರಿಗೆ? ಹುರುಪು ಬಂತು. ನನ್ನ ಅನುಭವವೆಲ್ಲ ಪೌರಾಣಿಕ ನಾಟಕಗಳದ್ದು, ಅದರಲ್ಲೂ ಕೈಯಲ್ಲಿ ಗದೆ ಇರುವ ಪಾತ್ರಗಳದ್ದು. "ಸೋಮವಾರದೊಳಗೆ ಮನೆ ಖಾಲಿ ಮಾಡಿ" ಎಂಬ ಮಾಲೀಕನ ಮಾತನ್ನು ಹಾಗೇ ಹೇಳಿದರೆ ಏನು ಚೆಂದ? ಕುರ್ಚಿ ಬಿಟ್ಟೆದ್ದು, ಭವನದ ಆ ಗೋಡೆಗೆ ಕೇಳುವಂತೆ ಹೇಳಿ, ಕೊನೆಗೆ ಹೊಟ್ಟೆಯಿಂದ ಎಳೆದ ಒಂದು ನಗು ಸೇರಿಸಿದೆ. ಎದುರಿಗಿದ್ದ ಹುಡುಗ ಹಿಂದಕ್ಕೆ ಹೆಜ್ಜೆಯಿಟ್ಟು ಕುರ್ಚಿ ಬೀಳಿಸಿದ. ಮುಂದಿನವಳು ತನ್ನ ಮಾತು ಮರೆತಳು. ಪಾವೊಲಾ ನನ್ನನ್ನೇ ದಿಟ್ಟಿಸಿ ನೋಡಿ, "ಹೀಗೇ ಮಾಡಿ ಸುರೇಶ್, ಇದರಿಂದ ಅನುಕೂಲ ಆಗ್ತಿದೆ" ಎಂದಳು. ಆಮೇಲೆ ಅಜ್ಜಿಯ ಮಾತನ್ನೂ ಓದಿಸಿದಳು, ಪ್ರೇಮಿಯ ಮಾತನ್ನೂ ಓದಿಸಿದಳು. ಅಜ್ಜಿಗೂ ಅದೇ ನಗು ಹಾಕಿದೆ. ಇಂಥ ಪ್ರತಿಭೆಯನ್ನು ಯಾವ ಪಾತ್ರಕ್ಕೆ ಬಳಸಿಕೊಳ್ಳುವುದೆಂದು ಪಾಪ ಅವಳಿಗೆ ತಿಳಿಯುತ್ತಿಲ್ಲ ಎಂದುಕೊಂಡೆ.

ಕೊನೆಗೆ ಲೂಸಿಯಾ ಎಂಬ ಸಣಕಲು ಹುಡುಗಿ ಬಂದಳು. ಬಾಡಿಗೆದಾರರ ಮಗಳ ಪಾತ್ರಕ್ಕೆ. ನಾನು ಗುಡುಗಿದೆ. ಅವಳು ಕದಲಲಿಲ್ಲ. ನಗು ಮುಗಿಯುವವರೆಗೂ ಕಾದು, ನನ್ನ ಮುಖವನ್ನೇ ನೋಡುತ್ತಾ, "ನನ್ನ ಅಮ್ಮ ಒಳಗೆ ಮಲಗಿದ್ದಾಳೆ, ಮೆಲ್ಲಗೆ ಮಾತಾಡಿ" ಎಂಬ ಮಾತನ್ನು ಎಷ್ಟು ಸಾದಾ ಆಗಿ ಹೇಳಿದಳೆಂದರೆ, ನಾನು ನಿಜವಾಗಿ "ಸಾರಿ" ಎಂದು ಕೂತುಬಿಟ್ಟೆ. ಆ ಸಾರಿ ನಾಟಕದಲ್ಲಿ ಇರಲಿಲ್ಲ.

ಮಧ್ಯಾಹ್ನ ಪಾವೊಲಾ ಎಲ್ಲರನ್ನೂ ಒಳಗೆ ಕರೆದು ಹೆಸರು ಹೇಳಿದಳು. ಮಗಳು, ಲೂಸಿಯಾ. ಮನೆ ಮಾಲೀಕ, ಯಾರೋ ಕೊಲಂಬಿಯಾದವರು, ಪಿಸುಗುಟ್ಟುತ್ತಾ ಓದಿದ್ದ ಮನುಷ್ಯ. ಅಜ್ಜಿ, ಪ್ರೇಮಿ, ಎಲ್ಲ ಹಂಚಿ ಮುಗಿಯಿತು. ಜನ ಚಪ್ಪಾಳೆ ತಟ್ಟಿದರು. ಎರ್ನಾನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ನಾನು ಮೇಜಿನ ಹತ್ತಿರ ಹೋಗಿ, "ಪಾವೊಲಾ, ನಂದು?" ಎಂದೆ.

ಅವಳಿಗೂ ಗಾಬರಿಯಾಯಿತು. "ಅಯ್ಯೋ ಸುರೇಶ್, ಅವತ್ತೇ ಹೇಳಿದ್ನಲ್ಲ! ನಮ್ಮವರೆಲ್ಲ ಪಾತ್ರ ಕೇಳೋಕೆ ಬರ್ತಾರೆ, ಅವರಿಗೆ ಎದುರು ಮಾತು ಓದೋಕೆ ಹೊರಗಿನವರು ಒಬ್ಬರು ಬೇಕು ಅಂತ. ಪಾತ್ರ ಎಲ್ಲ ನಮ್ಮವರಿಗೇ. ಇಲ್ಲಿನ ಬೇರೆ ನಾಟಕಗಳಲ್ಲಿ ನಮಗೆ ಸಿಗೋದು ಮಾದಕವಸ್ತು ಮಾರೋನ ಪಾರ್ಟು. ನಮ್ಮ ಮಕ್ಕಳು ಬರೆದದ್ದರಲ್ಲಾದ್ರೂ ನಾವು ಅಪ್ಪ, ಅಮ್ಮ, ಮನೆ ಮಾಲೀಕ ಆಗೋದು ಬೇಡ್ವಾ?" ಎಂದಳು. ಬೇಕು. ಇಲ್ಲಿನ ಟಿವಿಯಲ್ಲಿ ನಮ್ಮ ಭಾರತೀಯರನ್ನು ಡೈರಿ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಮಾರುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನಿಲ್ಲಿಸಿದ್ದನ್ನು ನಾನೂ ಕಂಡಿಲ್ಲ. ನಾಚಿಕೆಯಿಂದ ನನ್ನ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡೆ. ಅವಳು ನನ್ನ ಭುಜ ತಟ್ಟಿ, "ಆದ್ರೆ ನಿಮ್ಮಿಂದ ತುಂಬ ಉಪಕಾರ ಆಯ್ತು. ನಿಮ್ಮ ಆ ಕೂಗಾಟದ ಮುಂದೆ ಯಾರು ಕದಲದೆ ನಿಂತು, ಕೇಳಿಸಿಕೊಂಡು, ಮನುಷ್ಯರ ಥರ ಉತ್ತರ ಕೊಟ್ರೋ ಅವರನ್ನೇ ಆರಿಸಿದೆ" ಎಂದಳು.

ಮನೆಗೆ ಬಂದಾಗ ವತ್ಸಲಾ ಹುರುಳಿಕಾಯಿ ಹೆಚ್ಚುತ್ತಿದ್ದಳು. ಎಲ್ಲವನ್ನೂ ಹೇಳಿದೆ, ಮಂಜಣ್ಣನ ಮುಂದೆ, ಕೂಟದವರ ಮುಂದೆ ಮುಖ ಎತ್ತುವುದು ಹೇಗೆ ಎಂದೂ ಅಲವತ್ತುಕೊಂಡೆ. ಅವಳು ಚಾಕು ಕೆಳಗಿಟ್ಟಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡೆ.

"ಅಲ್ಲಾ ರೀ, ನಿಮ್ಮ ಕೂಗಾಟಕ್ಕೆ ಕದಲದೆ ನಿಂತವರಿಗೆಲ್ಲ ಪಾರ್ಟು ಕೊಡ್ತಾರೆ ಅನ್ನೋದಾದ್ರೆ, ಮದುವೆ ಆದಾಗಿಂದ ನಿಂತೇ ಇದೀನಲ್ಲ, ನನಗೆ ಯಾವ ಪಾರ್ಟು ಕೊಡ್ತಾರಂತೆ?"

"ಲೀಡ್ ರೋಲ್, ಅಮ್ಮಾ!" ಎಂದು ಒಳಗಿನಿಂದ ಅದಿತಿ ಕೂಗಿದಳು.

ಈ ಪೆಟ್ಟಿಗೆ ಯಾವ ಎಕ್ಸ್‌ರೇಯೂ ಇಲ್ಲ. ಮೀಸೆ ತೆಗೆದೆ, ಮಂಜಣ್ಣನಿಗೂ ನಿಜ ಹೇಳಿದೆ. "ಶಾಲು ತಂದಾಗಿದೆಯಲ್ಲೋ, ಈಗ ಯಾರಿಗೆ ಹೊದಿಸೋದು?" ಎಂದು ಅವನು ಪೇಚಾಡಿದ. ಯಾರಿಗೆಂದು ನನಗೆ ಗೊತ್ತಾಗಿದೆ. ರಾಜ್ಯೋತ್ಸವದ ದಿನ ವೇದಿಕೆ ಹತ್ತಿ ನಾನೇ ವತ್ಸಲಾಳ ಹೆಸರು ಹೇಳಬೇಕೆಂದಿದ್ದೇನೆ. ಮೆಲ್ಲಗೆ, ಸಾದಾ ಆಗಿ, ಆ ಲೂಸಿಯಾಳ ಹಾಗೆ. ದಿನವೂ ಗ್ಯಾರೇಜಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಹೆಸರು ಚೆನ್ನಾಗಿಯೇ ಬರುತ್ತದೆ. ಅದರ ಬೆನ್ನಿಗೇ ಆ ಹಾಳು ನಗುವೂ ಬಂದುಬಿಡುತ್ತದೆ.