ದಿನಕ್ಕೆ ಇಪ್ಪತ್ತೆರಡು ಹಾಜರಿ

ನನ್ನ ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಕಚೇರಿ ವೇಳೆಯಲ್ಲಿ ನಾನು ಒಂದೇ ಒಂದು ಸಲವೂ ಮೂತ್ರಕ್ಕೆ ಎದ್ದವನಲ್ಲ. ಇದನ್ನು ಕಣ್ಣಾರೆ ಕಂಡ ಮೂವರು ಸಾಹೇಬರಲ್ಲಿ ಇಬ್ಬರು ತೀರಿಕೊಂಡಿದ್ದಾರೆ. ಮೂರನೆಯವರಿಗೆ ಈಗ ಹೆತ್ತ ಮಗನ ಗುರುತೂ ಸಿಗುವುದಿಲ್ಲ, ಅವರನ್ನು ಕೇಳಿ ಯಾರೂ ತೊಂದರೆ ಕೊಡಬಾರದು. ಒಮ್ಮೆ ಆರು ಚೊಂಬು ಮಜ್ಜಿಗೆ ಕುಡಿದು, ಚಂದ್ರಗುತ್ತಿ ಗುಡ್ಡ ಹತ್ತಿ ಇಳಿದು, ಅಲ್ಲಿಂದ ಸೊರಬಕ್ಕೆ ನಡೆದು ಬಂದು, ಸಂಜೆ ತನಕ ಫೈಲು ಹೊತ್ತವನು ಈ ಹುಚ್ಚರಾಯಪ್ಪ. ಇಂಥವನನ್ನು ರಿಟೈರಾದ ಮೇಲೆ ಸರ್ಕಾರ ಬಿಟ್ಟೀತೇ? ಸೊರಬದ ಕೆರೆ ಹೂಳು ಅಳತೆ ಉಪಕಚೇರಿಯಲ್ಲಿ ಕುಡಿಯುವ ನೀರು ತುಂಬಿಸಲು ದಿನಗೂಲಿ ಮೇಲೆ ಮತ್ತೆ ಕರೆಯಿತು. ಹಾಗಾಗಿ ಇದೆಲ್ಲ ನನ್ನ ಕಣ್ಣೆದುರೇ ನಡೆದದ್ದು. ನಾನು ಹೇಳುತ್ತೇನೆ, ಮೊಮ್ಮಗಳು ವಾಣಿಶ್ರೀ ಬರೆದುಕೊಳ್ಳುತ್ತಾಳೆ.

ಸೊರಬ, ಶಿಕಾರಿಪುರ ಎರಡೂ ತಾಲೂಕಿನ ಕೆರೆಗಳಲ್ಲಿ ಎಷ್ಟು ಹೂಳಿದೆ ಎಂದು ಅಳೆದು ಮೇಲಿನ ಕಚೇರಿಗೆ ತಿಳಿಸುವುದು ನಮ್ಮ ಕೆಲಸ. ಹೂಳು ತೆಗೆಯುವುದು ನಮ್ಮ ಕೆಲಸವಲ್ಲ. ಸಾಹೇಬರು ವೀರಬಸಪ್ಪನವರು. ಹೆಡ್ ಗುಮಾಸ್ತೆ ಯಮುನಮ್ಮನವರು. ಕಂಪ್ಯೂಟರಿಗೆ ಶ್ರೀನಾಥ ಅಂತ ಇಪ್ಪತ್ತಾರರ ಹುಡುಗ, ಕಾಂಟ್ರಾಕ್ಟ್ ಮೇಲಿದ್ದವನು, ದಿನಾ ಶಿಕಾರಿಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ.

ಈ ಹುಡುಗನಿಗೆ ಮೂತ್ರದ ಅವಸರ. ಬಂತೆಂದರೆ ಬಂತು, ಒಂದು ನಿಮಿಷ ತಡೆಯುವಂತಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಹತ್ತುತ್ತಲೇ ಇರಲಿಲ್ಲ. ನೀರು ಮುಟ್ಟದೆ ತುಟಿ ಒಡೆದುಕೊಂಡಿರುತ್ತಿತ್ತು. ರಾತ್ರಿ ಐದು ಸಲ ಎದ್ದವನು ಹಗಲು ಕೀಬೋರ್ಡಿನ ಮೇಲೆ ತೂಕಡಿಸುತ್ತಿದ್ದ. ಎರಡು ಕಡೆ ಹೆಣ್ಣು ನೋಡುವುದಿತ್ತು. ಅವರ ಮನೆಯಲ್ಲಿ ಬಚ್ಚಲು ಎಲ್ಲಿದೆಯೋ ಎಂಬ ಹೆದರಿಕೆಗೆ ಎರಡನ್ನೂ ತಪ್ಪಿಸಿಕೊಂಡ.

ನಮ್ಮ ಕಚೇರಿಗೆ ಶೌಚಾಲಯ ಇದೆ. ಅದರಲ್ಲಿ ಇಪ್ಪತ್ತು ವರ್ಷದ ಹೂಳಿನ ಫೈಲುಗಳಿವೆ. ಆದ್ದರಿಂದ ಹೋಗುವವರು ಹಿತ್ತಲ ಬೇಲಿಗೇ ಹೋಗತಕ್ಕದ್ದು. ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ, ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಬೆರಳು ಒತ್ತಬೇಕೆಂದು ಆದೇಶವಾಯಿತು. ಚಾ ಕುಡಿಯಲು ಹೋದವರು ಯಾರೂ ಒತ್ತಲಿಲ್ಲ. ಶ್ರೀನಾಥ ಮಾತ್ರ ಹಲ್ಲು ಕಚ್ಚಿಕೊಂಡು ಒತ್ತಿ ಓಡುತ್ತಿದ್ದ, ಬಂದು ಮತ್ತೆ ಒತ್ತುತ್ತಿದ್ದ.

ಮೂರು ತಿಂಗಳಿಗೆ ಮೇಲಿನಿಂದ ಪಟ್ಟಿ ಬಂತು. ಒಳಗೆ ಬಂದದ್ದಷ್ಟನ್ನೂ ಯಂತ್ರ ಒಂದೊಂದು ಹಾಜರಿ ಎಂದು ಎಣಿಸಿತ್ತು. ಜೊತೆಗೊಂದು ಪತ್ರ: "ಸದರಿ ಶ್ರೀನಾಥ ಇವರು ದಿನಕ್ಕೆ ಇಪ್ಪತ್ತೆರಡು ಬಾರಿ ಹಾಜರಾಗಿ ಇಡೀ ಇಲಾಖೆಗೆ ಪ್ರಥಮರಾಗಿರುವುದು ಶ್ಲಾಘನೀಯ. ಉಳಿದ ನೌಕರರು ದಿನಕ್ಕೆ ಒಂದೇ ಬಾರಿ ಹಾಜರಾಗಿರುವುದು ವಿಷಾದನೀಯ."

ಸಾಹೇಬರಿಗೆ ಶಾಲು ಹೊದಿಸಿದರು. ಮರುದಿನದಿಂದ ಎಲ್ಲರಿಗೂ ಇಪ್ಪತ್ತೆರಡರ ಗುರಿ. ಮೂತ್ರಕೋಶ ಸುಸ್ಥಿತಿಯಲ್ಲಿದೆ ಎಂದು ಸರ್ಟಿಫಿಕೇಟು ತಂದವರಿಗೆ ವಿನಾಯಿತಿ ಇತ್ತು, ಆದರೆ ಅದನ್ನು ತರಲು ಹೋದ ವೇಳೆ ಗೈರುಹಾಜರಿ. ಯಮುನಮ್ಮನವರು ಮಂಡಿ ಹಿಡಿದುಕೊಂಡು ಗೇಟಿನ ತನಕ ಹೋಗಿ ಬರುತ್ತಿದ್ದರು. ಬಳ್ಳಿಗಾವಿಯ ರಾಮಪ್ಪ ಅನ್ನುವ ರೈತ ತನ್ನೂರ ಕೆರೆ ವಿಚಾರ ಕೇಳಲು ಬಂದು, ಖಾಲಿ ಕುರ್ಚಿಗಳನ್ನು ನೋಡಿ, ನೆಟ್ಟಗೆ ಬೇಲಿಗೆ ಹೋಗಿ ಸಾಹೇಬರ ಸಹಿ ಹಾಕಿಸಿಕೊಂಡ. ಒಂದೇ ದಿನದಲ್ಲಿ ಕೆಲಸ ಆಯಿತೆಂದು ಊರಲ್ಲೆಲ್ಲ ಹೇಳಿದ. ಆಮೇಲೆ "ಸಾರ್ವಜನಿಕರ ಭೇಟಿ ಬೇಲಿಯ ಬಳಿ" ಎಂದು ಬೋರ್ಡು ಬರೆಸಿದೆವು.

ಅಷ್ಟರಲ್ಲಿ ಶ್ರೀನಾಥ ರಜೆ ಅರ್ಜಿ ಹಿಡಿದು ಸಾಹೇಬರ ಹತ್ತಿರ ಬಂದ.

"ಸಾರ್, ಮೂರು ದಿನ ರಜೆ ಬೇಕು. ಶಿವಮೊಗ್ಗದಲ್ಲಿ ಡಾಕ್ಟರಿಗೆ ತೋರಿಸ್ಬೇಕು."

"ಏನಾಗೈತೋ ನಿಂಗೆ?"

"ಅದೇ ಸಾರ್. ಪದೇ ಪದೇ ಹೋಗೋದು."

"ಅದು ಚೆನ್ನಾಗೇ ನಡೀತಾ ಐತಲ್ಲ!"

"ನಿದ್ದೆ ಇಲ್ಲ ಸಾರ್. ಜನರ ಮಧ್ಯ ಕೂರಾಕೆ ಆಗಲ್ಲ. ಹುಚ್ಚು ಹಿಡಿಯೋದೊಂದು ಬಾಕಿ. ಆ ಫೈಲುಗಳನ್ನ ಕಕ್ಕಸಿಂದ ತೆಗೆಸಿದ್ರೂ ಪುಣ್ಯ ಬರುತ್ತೆ."

"ಒಳಗೇ ಮುಗಿಸಿದ್ರೆ ಹಾಜರಿ ಎಲ್ಲಿಂದ ಬರುತ್ತಯ್ಯ? ನೋಡು, ಮೊದಲು ಅದು ನಿನ್ನ ಕಾಯಿಲೆ. ಈಗ ಇಲಾಖೇದು. ವಾಸಿ ಮಾಡಿಸ್ಕೊಳಾಕೆ ನಾನು ಪರ್ಮಿಷನ್ ಕೊಡೋಕೆ ಬರಲ್ಲ. ಮೇಲಕ್ಕೆ ಬರೀತೀನಿ."

ಯಮುನಮ್ಮನವರು ಫೈಲಿನ ಮರೆಯಲ್ಲಿ ಪಿಸುಗುಟ್ಟಿದರು. "ಹೋಗಿ ಬಾರಪ್ಪ ಸುಮ್ನೆ. ನಿಂಗೆ ವಾಸಿಯಾದ್ರೆ ನನ್ನ ಮಂಡೀಗೂ ವಾಸಿಯಾಗುತ್ತೆ."

ಎರಡನೇ ಶನಿವಾರ ನಾನೇ ಕರೆದುಕೊಂಡು ಹೋದೆ. ನೀಲಾಂಬಿಕ ಅಂತ ಡಾಕ್ಟರಮ್ಮ. "ಇದು ಮುದುಕರಿಗಷ್ಟೇ ಬರೋದಲ್ಲಪ್ಪ, ನಾಚಿಕೆ ಏನೂ ಬೇಡ. ಚೀಲ ತುಂಬೋ ಮೊದ್ಲೇ ಅದರ ಸ್ನಾಯು ಗಡಿಬಿಡಿ ಮಾಡುತ್ತೆ" ಅಂದರು. ಮಾತ್ರೆ ಬರೆದುಕೊಟ್ಟರು. ಚಾ ಕಮ್ಮಿ ಮಾಡು, ನೀರು ಮಾತ್ರ ಬಿಡಬೇಡ, ದಿನಾ ಒಂದೆರಡು ನಿಮಿಷ ಹೆಚ್ಚಿಗೆ ತಡೆಯೋದು ಅಭ್ಯಾಸ ಮಾಡು ಅಂದರು.

"ಇಷ್ಟು ದಿನ ಯಾಕೆ ಬರ್ಲಿಲ್ಲ?"

"ಪರ್ಮಿಷನ್ ಸಿಗ್ಲಿಲ್ಲ ಮೇಡಂ."

ನನ್ನದನ್ನೂ ಪರೀಕ್ಷಿಸಿ, ಇಂಥ ಮೂತ್ರಕೋಶ ಮ್ಯೂಸಿಯಮ್ಮಿನಲ್ಲಿ ಇರಬೇಕಾದ್ದು ಅಂದರು. ಆ ಮಾತು ಇಲ್ಲಿ ಬೇಡ.

ಮೂರು ತಿಂಗಳಲ್ಲಿ ಹುಡುಗ ಇಪ್ಪತ್ತೆರಡರಿಂದ ಆರಕ್ಕೆ ಇಳಿದ. ಮುಖಕ್ಕೆ ಕಳೆ ಬಂತು, ಹಾಡು ಗುನುಗುವಷ್ಟಾಯಿತು. ಶಿರಾಳಕೊಪ್ಪದಲ್ಲಿ ಸಂಗೀತ ಅನ್ನುವ ಹುಡುಗಿಯನ್ನು ನೋಡಲು ಹೋಗಿ, ಎರಡು ತಟ್ಟೆ ಉಪ್ಪಿಟ್ಟು ತಿಂದು, ಆಕೆಯ ಸೋದರಮಾವನ ಭೂವ್ಯಾಜ್ಯದ ಕಥೆಯನ್ನು ಪೂರ್ತಿ ಕೇಳಿದ. ಎದ್ದೇ ಇಲ್ಲ. ಅವರು ಒಪ್ಪಿದರು, ಕೆಲಸ ಗಟ್ಟಿ ಇದ್ದರೆ ಎಂಬ ಷರತ್ತಿನ ಮೇಲೆ.

ಆ ವಾರವೇ ನೋಟೀಸು ಬಂತು. ದಿನಕ್ಕೆ ಹದಿನಾರು ಬಾರಿ ಅನಧಿಕೃತ ಗೈರುಹಾಜರಿ. ಮೇಲಧಿಕಾರಿಗಳ ಪೂರ್ವಾನುಮತಿ ಇಲ್ಲದೆ ಗುಣಮುಖರಾಗಿರುವುದು. ಕಾಂಟ್ರಾಕ್ಟ್ ಏಕೆ ರದ್ದುಪಡಿಸಬಾರದು?

ವಿಚಾರಣೆ ಬೇಲಿಯ ಬಳಿ ನಡೆಯಿತು. ಹುಡುಗ ನೋಟೀಸನ್ನು ಸಾಹೇಬರ ಮುಂದೆ ಹಿಡಿದ. "ಸಾರ್, ಮತ್ತೆ ಕಾಯಿಲೆ ಬರಿಸ್ಕೋ ಅಂದ್ರೆ ಮಾತ್ರ ನನ್ ಕೈಲಿ ಆಗಲ್ಲ. ಕೆಲಸ ಹೋದ್ರೂ ಹೋಗ್ಲಿ."

ಸಾಹೇಬರು ಕಲ್ಲು ಮನಸ್ಸಿನವರಲ್ಲ. ಮೇಲಿನವರ ಜೊತೆ ಫೋನಿನಲ್ಲಿ ಒಂದು ಗಂಟೆ ಮಾತಾಡಿ ಆದೇಶ ತರಿಸಿದರು: "ಸದರಿಯವರು ವೈಯಕ್ತಿಕವಾಗಿ ಆರು ಬಾರಿಯೂ, ಇಲಾಖೆಯ ಹಿತದೃಷ್ಟಿಯಿಂದ ಹದಿನಾರು ಬಾರಿಯೂ ಬೇಲಿಗೆ ಹೋಗಿ ಬರತಕ್ಕದ್ದು. ಹದಿನಾರು ಬಾರಿ ಮೂತ್ರ ವಿಸರ್ಜನೆ ಕಡ್ಡಾಯವಲ್ಲ."

ಹುಡುಗ ಎರಡು ಸಲ ಕೇಳಿಸಿಕೊಂಡು, "ಇಷ್ಟೇನಾ ಸಾರ್?" ಅಂದ. ಹೆಣ್ಣಿನ ಕಡೆಯವರೂ ಬಂದು ಒಂದು ದಿನ ಬೇಲಿಯ ಬಳಿ ನಿಂತು ನೋಡಿ, ಒಳ್ಳೆ ಓಡಾಟದ ನೌಕರಿ ಎಂದು ತಾಂಬೂಲ ಬದಲಾಯಿಸಿಕೊಂಡರು. ಈಗ ಶ್ರೀನಾಥ ಹದಿನಾರು ಸಲ ಬೇಲಿಯ ಮುಂದೆ ಕೈಕಟ್ಟಿ ನಿಂತು ಬರುತ್ತಾನೆ. ಹಿಂದೆ ಸಾಹೇಬರು, ಅವರ ಹಿಂದೆ ಅರ್ಜಿ ಹಿಡಿದ ಜನ. ಯಾರಿಗೂ ತಕರಾರಿಲ್ಲ.

ವಾಣಿಶ್ರೀ ಪೆನ್ನು ನಿಲ್ಲಿಸಿದಳು.

"ಅಜ್ಜಾ, ಆರ್ಡರನ್ನ ಅಕ್ಷರ ಅಕ್ಷರ ಹೇಳಿದ್ಯಲ್ಲ, ನೀನೇ ಓದಿದ್ಯಾ?"

"ನನ್ನ ಕೈಯಲ್ಲೇ ಇತ್ತು."

"ಕೈಯಲ್ಲಿತ್ತು, ಸರಿ. ನಿಂಗೆ ಓದಾಕೆ ಬರಲ್ವಲ್ಲ?"

ನಾನು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡೆ.

"ಸಹಿ ಹಾಕಿದೋರಾದ್ರೂ ಓದಿದ್ರಾ?"