ಇನ್ನೂರ ಎಂಬತ್ತಾರು ಹೆಸರಿಗೆ ಎಕೋ

"ಡಾಲಿಯ ಮದುವೆಗೆ ಕರೆಯುವುದರಲ್ಲಿ ಒಂದೇ ಒಂದು ಮನೆ ತಪ್ಪಿದರೆ ನನ್ನ ಹೆಸರು ರೇಮಂಡ್ ಅಲ್ಲ!"

೧೯೮೬ರ ಒಂದು ಭಾನುವಾರ ಇಗರ್ಜಿಯಿಂದ ಬಂದವನೇ ಊಟದ ಮೇಜು ಗುದ್ದಿ ನಾನು ಹೀಗೆ ಘೋಷಿಸಿದೆ. ಡಾಲಿ ನನ್ನ ತಂಗಿ. ಅಪ್ಪ ಅಮ್ಮ ತೀರಿಹೋಗಿದ್ದರಿಂದ ಅವಳ ಮದುವೆ ಪೂರ್ತಿ ನನ್ನ ಹೊಣೆ. ನಮ್ಮವರಲ್ಲಿ ಕಾಗದ ಕಳಿಸಿದರೆ ಸಾಲದು, ಮನೆ ಮನೆಗೆ ಹೋಗಿ, ಕೂತು, ಚಾ ಕುಡಿದು, ಬಾಯಿಬಿಟ್ಟು ಕರೆಯಬೇಕು. ಒಂದು ಮನೆ ಬಿಟ್ಟುಹೋಯಿತೋ, ಜನ್ಮಪೂರ್ತಿ ಮಾತಿಲ್ಲ! ನನ್ನ ಮದುವೆಯಲ್ಲಿ ಬಿಟ್ಟುಹೋದ ಚಿಕ್ಕಪ್ಪ ಇವತ್ತಿಗೂ ಹಂಪನಕಟ್ಟೆಯಲ್ಲಿ ನನ್ನನ್ನು ಕಂಡರೆ ಬಾರದ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾರೆ.

ಆದರೆ ಈ ಸಲ ನನ್ನ ಬಳಿ ಕಂಪ್ಯೂಟರ್ ಇತ್ತು! ನನ್ನ ಹೆಂಡತಿ ಬೆನಿಟಾಳ ತಮ್ಮ ಒಸ್ವಾಲ್ಡ್ ಬಹರೈನಿನಿಂದ ರಜೆಗೆ ಬಂದಾಗ ತಂದು ಬಿಟ್ಟುಹೋದದ್ದು. ಗಾತ್ರದಲ್ಲಿ ಬಿಸ್ಕತ್ತಿನ ಡಬ್ಬಿ. ಟಿವಿಗೆ ಜೋಡಿಸಿದರೆ ಅಕ್ಷರ ಕಾಣುತ್ತದೆ. ಆರಿಸಿದರೆ ಎಲ್ಲ ಮರೆತುಬಿಡುತ್ತದೆ, ಹಾಗಾಗಿ ಟೈಪ್ ಮಾಡಿದ್ದನ್ನು ಸದ್ದಾಗಿಸಿ ಕ್ಯಾಸೆಟ್ಟಿಗೆ ತುಂಬಿಸುತ್ತದೆ. ಬೇಕಾದಾಗ ಆ ಕ್ಯಾಸೆಟ್ಟನ್ನು ಕೇಳಿಸಿದರೆ ಮತ್ತೆ ಅಕ್ಷರ ತೋರಿಸುತ್ತದೆ.

ಕ್ಯಾಸೆಟ್! ಸದ್ದು! ಇದು ಯಾರ ಸಾಮ್ರಾಜ್ಯ ಸ್ವಾಮಿ? ಬಿಜೈಯ 'ರೇಮಂಡ್ ಸೌಂಡ್ಸ್' ಮಾಲಕ ನಾನು! ಮದುವೆಯಿರಲಿ, ನಾಟಕವಿರಲಿ, ಚುನಾವಣೆಯಿರಲಿ, ನನ್ನ ಮೈಕಿಲ್ಲದೆ ಈ ಊರಲ್ಲಿ ಯಾರೂ ಬಾಯಿ ತೆರೆದವರಲ್ಲ.

"ಇದನ್ನು ಸಾದಾ ಟೇಪ್ ರೆಕಾರ್ಡರಿಗೆ ಸಿಕ್ಕಿಸುವುದು ನನಗೆ ಅವಮಾನ," ಅಂದೆ. "ನನ್ನ ಮಿಕ್ಸರ್, ಈಕ್ವಲೈಸರ್, ಒಂದು ಮಾತನ್ನು ನಾಲ್ಕು ಸಲ ಮೊಳಗಿಸುವ ಎಕೋ ಮೆಷಿನ್, ಎಲ್ಲ ದಾಟಿಯೇ ಹೋಗಬೇಕು. ಪ್ರೊಫೆಶನಲ್!"

ಬೆನಿಟಾ ಸೊಂಟಕ್ಕೆ ಕೈ ಕೊಟ್ಟು ಆ ಡಬ್ಬಿಯನ್ನೇ ನೋಡಿದಳು. ಹಳಸಿದ ಮೀನನ್ನು ತಾಜಾ ಎಂದು ಮಾರಲು ಬಂದವಳನ್ನು ನೋಡುವ ನೋಟ ಅದು.

ಅಮ್ಮ ಬರೆದಿಟ್ಟ ನೋಟ್‌ಬುಕ್ಕಿನಿಂದ ನಮ್ಮ ಕಡೆಯ ಹೆಸರುಗಳನ್ನೆಲ್ಲ ಮೂರು ದಿನ ಒಂದೇ ಬೆರಳಿನಲ್ಲಿ ಕುಟ್ಟಿದೆ. ಇನ್ನೂರ ಎಂಬತ್ತಾರು! ಮಿಕ್ಸರಿಗೆ ವಯರ್ ಸಿಕ್ಕಿಸಿ ಗುಂಡಿ ಒತ್ತಿದೆ ನೋಡಿ, ಸ್ಪೀಕರಿನಲ್ಲಿ "ಕೀಂಯ್ಯ್! ಖರ್ರ್ರ್!" ಎಂದು ಎಂಥ ಅಪಸ್ವರ! ಪಕ್ಕದ ಮನೆಯ ಮೋಹನದಾಸರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಎಂತ ರೇಮಂಡರೇ, ಗಲ್ಫಿಗೆ ವಯರ್‌ಲೆಸ್ಸಾ? ಪೊಲೀಸರು ಬಂದ್ರೆ ನನ್ನನ್ನು ಕೇಳ್ಲಿಕ್ಕುಂಟು!" ಎಂದರು.

ಇಪ್ಪತ್ತು ವರ್ಷ ಎಂತೆಂಥ ಒಡಕು ಕಂಠಗಳನ್ನು ತಿದ್ದಿದ ಕೈ ಇದು, ಸುಮ್ಮನಿರುತ್ತದೆಯೇ? ಟ್ರೆಬಲ್ ಇಳಿಸಿದೆ. ಬಾಸ್ ಏರಿಸಿದೆ. ಮೇಲಿಂದ ಒಂದು ಹದ ಎಕೋ! ಆಹಾ, ಸದ್ದು ಬೆಣ್ಣೆಯಾಯಿತು. ಹಾಗೆಯೇ ರೆಕಾರ್ಡ್ ಮಾಡಿ ಬೆನಿಟಾಳಿಗೆ ಕೇಳಿಸಿದೆ.

"ಇದರಲ್ಲಿ ನಿಮ್ಮ ದೊಡ್ಡಮ್ಮ ಎಲ್ಲಿದ್ದಾರೆ?"

"ಇಲ್ಲೇ ಎಲ್ಲೋ, ಮಧ್ಯದಲ್ಲಿ."

"ಸ್ವರ ಅವರದ್ದೇ ಹಾಗೆ ಉಂಟು. ಆದ್ರೂ ನನಗೆ ಡೌಟು ಮಾರಾಯ್ರೆ. ನೋಟ್‌ಬುಕ್ಕು ಜಾಗ್ರತೆ ಇಡಿ."

"ಕಾಗದದ ಕಾಲ ಮುಗಿಯಿತು ಬೆನಿಟಾ!" ಎಂದು ಆ ನೋಟ್‌ಬುಕ್ಕನ್ನು ಸ್ನಾನದ ನೀರು ಕಾಯುವ ಒಲೆಗೆ ಹಾಕಿದೆ. ಕಂಪ್ಯೂಟರನ್ನೂ ಆರಿಸಿದೆ. ಆ ದಿನ ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಮರುದಿನ ಬೆಳಿಗ್ಗೆ ಕ್ಯಾಸೆಟ್ ಹಾಕಿದೆ. ಟಿವಿಯಲ್ಲಿ ಒಂದೇ ಪದ: ಎರರ್! ಮತ್ತೆ ಹಾಕಿದೆ. ಎರರ್! ಹದಿನಾಲ್ಕು ಸಲ ಹಾಕಿದೆ. ಇನ್ನೂರ ಎಂಬತ್ತಾರು ಮಂದಿ ಬಂಧುಗಳು ಮಾಯವಾಗಿ ಹೋಗಿದ್ದರು! ಮದುವೆಗೆ ಉಳಿದದ್ದು ಹದಿನೆಂಟು ದಿನ.

ಕೂಡಲೇ ತನಿಖೆ ಆರಂಭಿಸಿದೆ. ಮೊದಲ ಗುಮಾನಿ ಹೆಂಡತಿಯ ಮೇಲೆ.

"ನಿಜ ಹೇಳು, ಈ ಕ್ಯಾಸೆಟ್ಟಿನ ಮೇಲೆ ಏನಾದರೂ ರೆಕಾರ್ಡ್ ಮಾಡಿದೆಯಾ?"

"ನಿಮ್ಮ ದೊಡ್ಡಮ್ಮನ ಮೇಲೆ ನಾನು ಎಂತ ರೆಕಾರ್ಡ್ ಮಾಡ್ಲಿ? ಎದುರಿಗಿದ್ದಾಗಲೇ ಅವರು ನನಗೆ ಮಾತಾಡ್ಲಿಕ್ಕೆ ಬಿಡುದಿಲ್ಲ!"

ಎರಡನೆಯದು ಡಾಲಿಯ ಮೇಲೆ. ಮದುವೆ ಇಷ್ಟವಿಲ್ಲದೆ ಒಳಸಂಚು ಮಾಡಿದಳೇ?

"ಅಣ್ಣ, ಮದುವೆ ಬೇಡ ಅಂತಿದ್ರೆ ನಾನು ಬಾಯಲ್ಲೇ ಹೇಳ್ತಿದ್ದೆ. ಕ್ಯಾಸೆಟ್ ಹಾಳು ಮಾಡ್ಲಿಕ್ಕೆ ನಾನೆಂತ ನಿಮ್ಮ ಹಾಗೆಯಾ?"

ಮೋಹನದಾಸರ ಮಿಕ್ಸಿಯಿಂದ ಕರೆಂಟು ಕೆಟ್ಟಿರಬಹುದೆಂದು ಅವರ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದೆ. ಅವರ ಹೆಂಡತಿ ಕುಶಲಾ ತೆಂಗಿನಕಾಯಿ ಹಿಡಿದು ಎದುರು ಬಂದದ್ದರಿಂದ ಆ ತನಿಖೆ ಅಲ್ಲಿಗೇ ನಿಂತಿತು. ಉಳಿದವನು ಒಬ್ಬನೇ, ಒಸ್ವಾಲ್ಡ್! ಕೆಟ್ಟ ಮಾಲನ್ನು ಭಾವನ ತಲೆಗೆ ಕಟ್ಟಿದ ದ್ರೋಹಿ! ಬಹರೈನಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಫೋನಿನ ಪಕ್ಕ ಕಾದೆ.

"ಭಾವ, ಕಂಪ್ಯೂಟರಿಗೂ ಟೇಪಿಗೂ ನಡುವೆ ಎಂತ ಇಟ್ಟಿದ್ದೀರಿ?"

"ಏನೂ ಇಲ್ಲ. ಮಿಕ್ಸರ್, ಈಕ್ವಲೈಸರ್, ಸ್ವಲ್ಪ ಎಕೋ."

ಅತ್ತ ಕಡೆ ಒಸ್ವಾಲ್ಡ್ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಲೈನಿನ ಖರಖರ ಎಂದುಕೊಂಡೆ.

"ಎಕೋ ಯಾಕೆ ಭಾವ?"

"ಸ್ವರ ತುಂಬ ಒರಟಿತ್ತು ಮಾರಾಯ."

"ಆ ಒರಟು ಕೀಂ ಕೀಂ ಉಂಟಲ್ಲ, ಅದೇ ಹೆಸರುಗಳು! ಚಂದ ಮಾಡ್ಲಿಕ್ಕೆ ಹೋಗಿ ಎಲ್ಲ ಅಳಿಸಿ ಹಾಕಿದ್ದೀರಿ. ಅದನ್ನಿನ್ನು ದೇವರೂ ಓದ್ಲಿಕ್ಕಿಲ್ಲ."

ರಿಸೀವರ್ ಇಟ್ಟೆ. ಅಪರಾಧಿ ಮನೆಯೊಳಗೇ ಇದ್ದ, ನನ್ನ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದ! ಅಮ್ಮನ ಕೈಬರಹವನ್ನು ಸುಟ್ಟದ್ದು ನೆನಪಾಗಿ ನಿಜಕ್ಕೂ ಅಳು ಬಂತು.

ಬೆನಿಟಾ ಒಂದು ಹೊಸ ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು. "ಬರೆಯಿರಿ. ಕುಲಶೇಖರದ ದೊಡ್ಡಮ್ಮ, ಅವರ ಮೂರು ಗಂಡುಮಕ್ಕಳು. ನಡುವಿನವನ ಹೆಂಡತಿ ಹೆಲನ್, ಅವಳನ್ನು ಬೇರೆಯೇ ಕರೀಬೇಕು, ಇಲ್ಲದಿದ್ರೆ ಬರುದಿಲ್ಲ..." ಅಡುಗೆಮನೆಗೂ ಜಗಲಿಗೂ ಓಡಾಡುತ್ತಲೇ ಹೇಳಿದಳು. ನನ್ನ ಸಂಬಂಧಿಕರು! ನನಗೇ ಮರೆತುಹೋದ ಅವರ ಅಡ್ಡಹೆಸರುಗಳು!

"ಇಷ್ಟೆಲ್ಲ ನಿನಗೆ ಹೇಗೆ ಬಾಯಿಪಾಠ?" ನನಗೆ ಇದರಲ್ಲೂ ಗುಮಾನಿ.

"ಹದಿನೇಳು ವರ್ಷ ಇವರಿಗೆಲ್ಲ ಚಾ ಮಾಡಿ ಕೊಟ್ಟದ್ದು ನಿಮ್ಮ ಮಿಕ್ಸರಾ?"

ಬೆರಳು ಸೋಲುವಷ್ಟರಲ್ಲಿ ಇನ್ನೂರ ಎಂಬತ್ತಾರು ಮುಗಿಯಿತು. ಪೆನ್ನಿಗೆ ಮುಚ್ಚಳ ಹಾಕಹೊರಟೆ.

"ಇನ್ನೊಂದು ಉಂಟು. ಕುದ್ರೋಳಿಯ ಅಲಿಯಬ್ಬ."

ಪೆನ್ನು ಕೈಜಾರಿತು. ಅಲಿಯಬ್ಬ! ಮೈಕ್ ಸೆಟ್ಟಿನಲ್ಲಿ ಇಡೀ ಊರಿಗೆ ನನ್ನ ಏಕಮಾತ್ರ ಪ್ರತಿಸ್ಪರ್ಧಿ! "ಆತ ನಮಗೆ ಯಾವ ಕಡೆಯಿಂದ ನೆಂಟ?"

"ಊಟಕ್ಕಲ್ಲ ಮಾರಾಯ್ರೆ, ಮೈಕಿಗೆ. ಮಾತಾಡಿ ಆಯ್ತು. ಅವರಲ್ಲಿ ಎಕೋ ಮೆಷಿನ್ ಇಲ್ಲವಂತೆ," ಎಂದು ಬೆನಿಟಾ ನನ್ನ ಕೈಗೆ ಪೆನ್ನು ಹೆಕ್ಕಿಕೊಟ್ಟಳು. "ಪಾದ್ರಿಯವರು ಒಪ್ಪಿಗೆ ಉಂಟಾ ಅಂತ ಕೇಳುವಾಗ ಡಾಲಿ 'ಉಂಟು' ಅಂತ ಒಮ್ಮೆ ಹೇಳಿದ್ರೆ ಸಾಕು."