ಪ್ಲಾಸ್ಟರ್ ವಿಭಾಗದಲ್ಲಿ ಸಿಸಿಲಿಯಾ ಬಾಯಿ

ತಾಯಿಯ ಮುಖದ ಚಿತ್ರ ಬಿಡಿಸಲು ಅನುಮತಿ ಕೋರಿ ಶಾಲೆಟ್ ಕೊಟ್ಟ ಅರ್ಜಿಯನ್ನು ಪರದೇಶದ ಶೋರ್‌ಲೈನ್ ಊರಿನ ಶನಿವಾರದ ಚಿತ್ರಕಲಾ ಶಾಲೆ ತಿರಸ್ಕರಿಸಿತು. ತಾಯಿ ಸಿಸಿಲಿಯಾ ಬಾಯಿಗೆ ಎಂಬತ್ತೆಂಟು. ಸೋಮವಾರ ಮಂಗಳೂರಿಗೆ ವಾಪಸು. ಇನ್ನೊಮ್ಮೆ ಇಷ್ಟು ದೂರ ಬರುವುದಿಲ್ಲ ಎಂದು ಹೇಳಿಯಾಗಿತ್ತು.

ಶಾಲೆ ನಡೆಯುತ್ತಿದ್ದುದು ನೂರೈವತ್ತು ವರ್ಷ ಹಿಂದಿನ ಕಲಾಶಾಲೆಯೊಂದರ ನಿಯಮಾವಳಿಯಂತೆ. ಮೊದಲ ವರ್ಷ ಸರಳರೇಖೆ. ಎರಡನೆಯ ವರ್ಷ ವಕ್ರರೇಖೆ. ಮೂರನೆಯ ವರ್ಷ ಪ್ಲಾಸ್ಟರ್ ಪ್ರತಿಮೆ. ಜೀವಂತ ಮನುಷ್ಯರು ಏಳನೆಯ ವರ್ಷ. ಶಾಲೆಟ್ ಮೂರರಲ್ಲಿದ್ದಳು. ಪ್ರತಿಮೆ ಇನ್ನೂ ಬಂದಿರಲಿಲ್ಲ. ಎಂಟು ತಿಂಗಳಿಂದ ಹನ್ನೊಂದು ಸಹಪಾಠಿಗಳ ಜೊತೆ ಅದನ್ನಿಡಬೇಕಾದ ಮೇಜಿನ ಚಿತ್ರ ಬಿಡಿಸುತ್ತಿದ್ದಳು.

"ಏಳನೇ ವರ್ಷಕ್ಕೆ ಮಮ್ಮಿ ಇರ್ಬೇಕಲ್ಲ ಸರ್?"

"ಅದು ಸಿಲಬಸ್‌ನಲ್ಲಿ ಬರಲ್ಲಮ್ಮ" ಎಂದರು ಪ್ರಾಂಶುಪಾಲ ವಿಜಯೇಂದ್ರ. ವಾರದ ದಿನಗಳಲ್ಲಿ ಅವರು ಕ್ಯಾನ್ಯನ್ ಪಾರ್ಕ್‌ನಲ್ಲಿ ಕಂಪನಿಯೊಂದರ ಮ್ಯಾನೇಜರು. ಆದರೂ ಮನುಷ್ಯರೇ. ನಿಯಮಾವಳಿ ತಿರುವಿದರು. ಪ್ರತಿಮೆ ಎಂದರೆ ಬಿಳಿಯದಾದ, ಅಲುಗಾಡದ ಆಕೃತಿ ಎಂದಿತ್ತು.

"ಅಮ್ಮ ಅಲ್ಲಾಡ್ತಾರಾ?"

"ಮಂಡಿ ನೋವು. ಅಷ್ಟೇನಿಲ್ಲ."

ಸಿಸಿಲಿಯಾ ಬಾಯಿಯನ್ನು ಕರೆತಂದು ಮೇಜಿನ ಮೇಲೆ ಕೂರಿಸಿ ಮೈಗೆಲ್ಲ ಮೈದಾ ಹಚ್ಚಲಾಯಿತು.

"ಎಂತ ಮಾರಾಯ, ಮಸಾಲೆ ಇಲ್ಲದೆ ಫ್ರೈ ಮಾಡುದಾ?"

"ಆಂಟಿ, ಪ್ರತಿಮೆ ಮಾತಾಡಲ್ಲ" ಎಂದರು ವಿಜಯೇಂದ್ರ.

"ಪ್ರತಿಮೆಗೆ ಚಾ ಉಂಟಾ?"

ನಿಯಮಾವಳಿ ಈ ಬಗ್ಗೆ ಮೌನವಾಗಿತ್ತು. ಚಹಾ ಕೊಡಲಾಯಿತು.

ಮೂರು ಗಂಟೆಯಲ್ಲಿ ಚಿತ್ರ ಮುಗಿಯಿತು. ತಾಯಿಯ ಮುಖ, ಗಂಟು ಹಾಕಿದ ಹುಬ್ಬಿನ ಸಮೇತ, ಇದ್ದ ಹಾಗೇ ಬಂದಿತ್ತು. ಶಾಲೆಟ್ ಕಣ್ಣೊರೆಸಿಕೊಂಡಳು. ವಿಜಯೇಂದ್ರ ಮೊಹರು ಒತ್ತಿದರು. ಉಗ್ರಾಣ ನೋಡಿಕೊಳ್ಳುವ ನಾಣಿ ಬಂದು ಸಿಸಿಲಿಯಾ ಬಾಯಿಯ ಕೊರಳಿಗೆ ಚೀಟಿ ಕಟ್ಟಿದ: ಪ್ರತಿಮೆ, ಸಂಖ್ಯೆ ಒಂದು.

"ಇನ್ನು ಹೊರಗೆ ಒಯ್ಯೋ ಹಾಗಿಲ್ಲ. ವಾರ್ಷಿಕ ಪರೀಕ್ಷೆ ಮುಗೀಬೇಕು" ಎಂದ.

"ಸೋಮವಾರ ಫ್ಲೈಟ್ ಉಂಟು!" ಎಂದಳು ಶಾಲೆಟ್.

"ಶಾಲೆಟ್ ಅವರೇ, ಇನ್ನೂ ಹನ್ನೊಂದು ಜನ ಮೇಜು ನೋಡ್ಕೊಂಡು ಕೂತಿದಾರೆ" ಎಂದರು ವಿಜಯೇಂದ್ರ. "ನಿಮ್ಮದಾಯ್ತು, ಹೊರಟ್ರಿ. ಸರೀನಾ?"

ಹನ್ನೊಂದು ಜನವೂ ಸರಿಯಲ್ಲ ಎಂದರು. ಶಾಲೆಟ್ ತಾಯಿಯ ಕಡೆ ನೋಡಿದಳು.

"ಇಲ್ಲಿ ಹೀಟರ್ ಉಂಟು" ಎಂದಿತು ಪ್ರತಿಮೆ. "ಮನೆಯಲ್ಲಿ ನೀನು ರಾತ್ರಿ ಒಂಬತ್ತಕ್ಕೇ ಆಫ್ ಮಾಡ್ತಿ."

ಶಾಲೆಟ್ ದಾಸ್ತಾನು ಪುಸ್ತಕಕ್ಕೆ ಸಹಿ ಹಾಕಿದಳು. ಸೋಮವಾರ ವಿಮಾನ ಹೊರಟಿತು. ಸಿಸಿಲಿಯಾ ಬಾಯಿ ಹೋಗಲಿಲ್ಲ.